ಇಬ್ಬರು ಭೀಮರು

ಕೊಚ್ಚಿಯಲ್ಲಿ ಪರಿಚಯವಾದ ಹತ್ತೇ ನಿಮಿಷಕ್ಕೆ ನನ್ನನ್ನು ಎರಡು ಪ್ರಶ್ನೆ ಕೇಳಿದರು. ಊರಲ್ಲಿ ಯಾರ್ಯಾರಿದ್ದಾರೆ, ಮತ್ತು ಈಗ ಏನು ಓದ್ತಾ ಇದ್ದೀರಿ. ಎಲ್ಲಾ ಮಲಯಾಳಿಗಳೂ ಹೀಗೇ ಅಂತ ಹೇಳಲಾರೆ. ನಾನು ಕೆಲಸ ಮಾಡುವ ಕಡೆ ಅಂಥವರು ಐದಾರು ಜನ ಇದ್ದರು, ಅಷ್ಟು ಸಾಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮೀನಿನ ಜೊತೆ ಪುಸ್ತಕವೂ ಬರುತ್ತಿತ್ತು. ಮೆಚ್ಚಿದ್ದನ್ನು ಹೇಳುವುದಕ್ಕಿಂತ ಮೆಚ್ಚದ್ದನ್ನು ಹೇಳುವುದರಲ್ಲೇ ಅವರಿಗೆ ಹುರುಪು ಜಾಸ್ತಿ.

ಭೈರಪ್ಪನವರ 'ಪರ್ವ' ಎಂದೆ. ನಮ್ಮಲ್ಲಾದರೆ ಈ ಹೆಸರು ಎತ್ತಿದ ಕೂಡಲೇ ಎದುರಿಗಿರುವವರು ನೀವು ಯಾವ ಕಡೆಯವರು ಅಂತ ಅಳೆಯುತ್ತಾರೆ; 2007ರಲ್ಲಿ 'ಆವರಣ' ಬಂದ ಮೇಲಂತೂ ಕಾದಂಬರಿಯ ಮಾತು ಆಮೇಲೆ, ಪಕ್ಷದ ಮಾತು ಮೊದಲು. ಇಲ್ಲಿ ಯಾರಿಗೂ ಆ ಲೆಕ್ಕ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕೆ. ರಾಘವೇಂದ್ರ ರಾವ್ ಇಂಗ್ಲಿಷಿಗೆ ತಂದ 'ಪರ್ವ' ಮಾತ್ರ. ಪುಸ್ತಕ ಓದಿದ್ದರು, ಪುಸ್ತಕದ ಬಗ್ಗೆಯೇ ಜಗಳ ಆಡಿದರು. ಎಷ್ಟು ಹಗುರ ಅನ್ನಿಸಿತು ಅಂತೀರಿ!

ಅವರ ಎದುರುವಾದ ಎಂ.ಟಿ. ವಾಸುದೇವನ್ ನಾಯರ್ ಅವರ 'ರಂಡಾಮೂೞಂ'. (ಆ 'ೞ' ಹಳಗನ್ನಡದಲ್ಲಿ ನಮ್ಮದೂ ಆಗಿತ್ತು. ನಾವು ಕಳೆದುಕೊಂಡೆವು, ಅವರು ಇಟ್ಟುಕೊಂಡರು.) ಎರಡನೇ ಸರದಿ ಅಂತ ಅರ್ಥ, ಯಾವಾಗಲೂ ಅಣ್ಣನ ಹಿಂದೆ ನಿಲ್ಲಬೇಕಾದ ಭೀಮನ ಕತೆ. 'ಪರ್ವ' 1979ರದು, ಇದು 1984ರದು. ನಮ್ಮದೇ ಮೊದಲು ಅಂತ ನಾನು ಎದೆ ಉಬ್ಬಿಸುವಷ್ಟರಲ್ಲಿ ಒಬ್ಬರು ಪಿ.ಕೆ. ಬಾಲಕೃಷ್ಣನ್ ಅವರ 'ಇನಿ ಞಾನ್ ಉರಙ್ಙಟ್ಟೆ' 1973ರಲ್ಲೇ ಬಂತು ಸಾರ್ ಎಂದರು. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ನಾನು ಎಂ.ಟಿ.ಯನ್ನು ಓದಿದ್ದು ಗೀತಾ ಕೃಷ್ಣನ್‌ಕುಟ್ಟಿಯವರ ಇಂಗ್ಲಿಷಿನಲ್ಲಿ. ಎರಡೂ ಕಾದಂಬರಿಗಳಲ್ಲಿ ದೇವರಿಲ್ಲ, ಪವಾಡವಿಲ್ಲ. ಭೀಮನ ಅಪ್ಪ ವಾಯುದೇವರಲ್ಲ, ಮನುಷ್ಯ. ಆದರೆ ಎಂಥ ಮನುಷ್ಯ ಎಂಬಲ್ಲಿ ದಾರಿ ಬೇರೆಯಾಗುತ್ತದೆ. ಭೈರಪ್ಪನವರಲ್ಲಿ ದೇವತೆಗಳೆಂದರೆ ಹಿಮಾಲಯದ ಒಂದು ಜನ. ಭೀಮನ ಅಪ್ಪ ಅವರ ಸೇನೆಯಲ್ಲಿ ದೊಡ್ಡವನು. ನಿಯೋಗ ಒಂದು ಪದ್ಧತಿ, ಅದಕ್ಕೆ ಕಾರಣ ಇದೆ, ಕ್ರಮ ಇದೆ. ಎಂ.ಟಿ.ಯ ಭೀಮನಿಗೆ ಕಾದಂಬರಿಯ ಕೊನೆಯ ಭಾಗದಲ್ಲಿ ಗೊತ್ತಾಗುತ್ತದೆ, ತನ್ನಪ್ಪ ಹೆಸರಿಲ್ಲದ ಒಬ್ಬ ಕಾಡಿನವನು ಅಂತ. ಅಲ್ಲಿಯವರೆಗೆ ಗಾಳಿಯ ಮಗ ಅಂತ ನಂಬಿ ಬದುಕಿದವನು! ಒಬ್ಬರಲ್ಲಿ ಅದು ವಿವರಣೆ, ಇನ್ನೊಬ್ಬರಲ್ಲಿ ಗಾಯ. ನಮ್ಮ ಗುಂಪಿನಲ್ಲಿ ಒಬ್ಬ ಚೇಚಿ ಇದ್ದರು, ಕಡ್ಡಿ ಮುರಿದಂತೆ ಮಾತಾಡುವವರು. "ನಿಮ್ಮ ಲೇಖಕರು ಎಲ್ಲದಕ್ಕೂ ಕಾರಣ ಕೊಡ್ತಾರೆ, ನನಗೆ ನೋಯೋದಕ್ಕೇ ಪುರುಸೊತ್ತು ಸಿಗಲಿಲ್ಲ" ಅಂದರು. ಸಿಟ್ಟು ಬಂತು. ಆದರೆ ಆ ಮಾತಿನಲ್ಲಿ ಹುರುಳಿದೆ. 'ಪರ್ವ'ದ ಕೆಲವು ಪುಟಗಳಲ್ಲಿ ಪಾತ್ರ ಯೋಚಿಸುತ್ತಿದೆಯೋ ಲೇಖಕರ ಅಧ್ಯಯನ ಯೋಚಿಸುತ್ತಿದೆಯೋ ಎಂದು ನನಗೂ ಅನ್ನಿಸಿದ್ದುಂಟು. ಊರಲ್ಲಿ ಅದನ್ನು ಗಟ್ಟಿಯಾಗಿ ಹೇಳಿದರೆ ಯಾರ ಪಾಳಯಕ್ಕೆ ಜಮೆಯಾಗುತ್ತೇನೋ ಎಂದು ಸುಮ್ಮನಿದ್ದೆ.

ನನ್ನ ತಕರಾರು ದ್ರೌಪದಿಯದು. 'ಪರ್ವ'ದಲ್ಲಿ ಅವಳು ಸ್ವತಃ ನೆನೆಯುತ್ತಾಳೆ, ಐವರನ್ನೂ ತೂಗುತ್ತಾಳೆ. ಕುಂತಿಯೂ ಹಾಗೆಯೇ. ಎಂ.ಟಿ.ಯಲ್ಲಿ ಭೀಮನ ಕಣ್ಣಿಗೆ ಕಂಡಷ್ಟೇ ದ್ರೌಪದಿ: ಚೆಲುವೆ, ಅರ್ಜುನನ ಮೇಲೆ ಮನಸ್ಸಿಟ್ಟವಳು, ಭೀಮನ ಪ್ರೀತಿಗೆ ಬೆಲೆ ಕೊಡದವಳು. ಒಬ್ಬನ ಬಾಯಿಂದಲೇ ಹೇಳಿಸಿದ ಕತೆಗೆ ಇದು ಸಹಜ, ಒಪ್ಪುತ್ತೇನೆ. ಆದರೂ ಮಹಾಪ್ರಸ್ಥಾನದಲ್ಲಿ ಬಿದ್ದವಳಿಗಾಗಿ ಅವನೊಬ್ಬನೇ ಹಿಂದಕ್ಕೆ ತಿರುಗಿದಾಗ ನಮ್ಮ ಕಣ್ಣೀರು ಪೂರ್ತಿ ಅವನ ಪಾಲಿಗೆ ಹೋಗುತ್ತದೆ. ಬಿದ್ದವಳು ಏನಂದುಕೊಂಡಳು?

ಇದನ್ನು ಹೇಳಿದಾಗ ಮೇಜಿನ ಸುತ್ತ ಮೌನ. 2024ರ ಡಿಸೆಂಬರ್ 25ರಂದು ಎಂ.ಟಿ. ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಆಮೇಲೆ ಚೇಚಿ ಮೆಲ್ಲಗೆ, "ಇದನ್ನ ನಮ್ಮಲ್ಲಿ ಯಾರಾದ್ರೂ ಈಗ ಹೇಳಿದ್ರೆ ಬೈಸಿಕೊಳ್ತಾರೆ, ನೀವು ಹೊರಗಿನವರು, ಹೇಳಿ" ಅಂದರು. ನನ್ನ ಭೈರಪ್ಪನವರ ಬಗ್ಗೆ ಅವರು, ಅವರ ಎಂ.ಟಿ. ಬಗ್ಗೆ ನಾನು. ಬಾಡಿಗೆ ಮನೆಯಲ್ಲಿರುವವನಿಗೆ ಗೋಡೆಯ ಬಿರುಕು ಬೇಗ ಕಾಣುತ್ತದಲ್ಲ, ಹಾಗೆ.

ಮುಂದೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿಯ ಸ್ಟೇಟ್ ಸೆಂಟ್ರಲ್ ಲೈಬ್ರರಿಯ ಮೂಲ 1829ಕ್ಕೆ ಹೋಗುತ್ತದೆ. ಆದರೆ ನನಗೆ ದೊಡ್ಡದೆನಿಸಿದ್ದು ಆ ವಯಸ್ಸಲ್ಲ, ಸಣ್ಣಪುಟ್ಟ ವಾಯನಶಾಲೆಗಳು. 1945ರಲ್ಲಿ ಪಿ.ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಈ ಪುಟ್ಟ ಲೈಬ್ರರಿಗಳನ್ನು ಊರಿನ ಸದಸ್ಯರೇ ಸಮಿತಿ ಮಾಡಿಕೊಂಡು ನಡೆಸುತ್ತಾರೆ. ಸರ್ಕಾರ ಅನುದಾನ ಕೊಡುತ್ತದೆ. ಪುಸ್ತಕ ಎರವಲು ಕೊಡುವ ಹಾಗೆಯೇ ಪುಸ್ತಕದ ಚರ್ಚೆಯೂ ಅವರ ಕೆಲಸ. ನಮ್ಮಲ್ಲಿ 1965ರ ಕಾಯ್ದೆ ಬಂದು ಸಾರ್ವಜನಿಕ ಗ್ರಂಥಾಲಯ ಇಲಾಖೆಯದಾಯಿತು. ಪುಸ್ತಕ ಬಂತು, ಕಟ್ಟಡ ಬಂತು, ಒಳ್ಳೆಯದೇ. ಮಾತಾಡುವುದು ಮಾತ್ರ ನಿಯಮಕ್ಕೆ ವಿರುದ್ಧ. ಗೋಡೆಯ ಮೇಲೆ ಬರೆದಿರುತ್ತಾರೆ, 'ನಿಶ್ಶಬ್ದ'. ಹೆಗ್ಗೋಡಿನ ನೀನಾಸಂ ಶಿಬಿರದಂಥ ಜಾಗ ನಮ್ಮಲ್ಲೂ ಇದೆ, ಇಲ್ಲ ಅನ್ನಲಾರೆ. ಅದಕ್ಕೆ ಬಸ್ಸು ಹತ್ತಿ ಹೋಗಬೇಕು. ಇವರಿಗೆ ಚಪ್ಪಲಿ ಮೆಟ್ಟಿದರೆ ಸಾಕು.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ಹೋದರು. ಸಂಜೆ ಕೊಚ್ಚಿಯಿಂದ ಚೇಚಿಯ ಫೋನು. ಮೊದಲು ಸಮಾಧಾನದ ಮಾತು, ಆಮೇಲೆ, ಅವರದು ಇನ್ನು ಯಾವುದು ಓದಲಿ? 'ಗೃಹಭಂಗ' ಅಂದೆ. ಇಂಗ್ಲಿಷಿನಲ್ಲಿ ಓದಿ ಮುಗಿಸಿ ಮತ್ತೆ ಫೋನು ಮಾಡಿದರು. ನಂಜಮ್ಮನಿಗಾಗಿ ಅತ್ತಿದ್ದರು, ಈ ಸಲ ನೋಯೋದಕ್ಕೆ ಪುರುಸೊತ್ತು ಸಿಕ್ಕಿತಂತೆ. ಒಂದು ದೂರು ಮಾತ್ರ ಇತ್ತು: "ಆ ಅತ್ತೆ ಗಂಗಮ್ಮ ಬಾಯಿಬಡುಕಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಬೈಯೋದು ಇಷ್ಟು ಸಪ್ಪೇನಾ?"

ನಾನು ಕನ್ನಡ ಪ್ರತಿ ತೆಗೆದು, ಗಂಗಮ್ಮನ ಬಾಯಿ ಜೋರಾಗಿರುವ ಎರಡು ಪುಟ ಫೋನಿನಲ್ಲೇ ಓದಿದೆ. ಒಂದಕ್ಷರ ಅರ್ಥವಾಗದಿದ್ದರೂ ಚೇಚಿ ಬಿದ್ದು ಬಿದ್ದು ನಕ್ಕರು. ಇನ್ನೊಂದು ಪುಟ ಓದಿ ಅಂದರು.