ಪಠ್ಯದಿಂದ ಹೊರಗುಳಿದ ಹೈಟಿ

ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಒಂಬತ್ತನೇ ತರಗತಿಯ ಇತಿಹಾಸ ಪುಸ್ತಕದ ಮೊದಲ ಅಧ್ಯಾಯ ಫ್ರೆಂಚ್ ಕ್ರಾಂತಿ. ನಮ್ಮ ಸಿಬಿಎಸ್‌ಇ ಶಾಲೆಗಳ ಮಕ್ಕಳು ವರ್ಷಗಟ್ಟಲೆ ಓದಿದ ಪಾಠವಿದು. ಇದರೊಳಗೆ ಗುಲಾಮಗಿರಿಯ ರದ್ದತಿಗೆಂದೇ ಒಂದು ಸಣ್ಣ ಭಾಗವಿದೆ. ರಾಜ, ರಾಣಿ, ಗಿಲೊಟಿನ್‌ಗಳ ನಡುವೆ ಅದಕ್ಕೊಂದು ಜಾಗ ಕೊಟ್ಟದ್ದೇ ದೊಡ್ಡ ಮಾತು. ಬೋರ್ಡೋ, ನಾಂಟ್ ಬಂದರುಗಳ ಸಿರಿವಂತಿಕೆ ಎಲ್ಲಿಂದ ಬಂತು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಮನುಷ್ಯರ ಹಕ್ಕುಗಳನ್ನು ಸಾರಿದ ರಾಷ್ಟ್ರೀಯ ಸಭೆಯೇ ವರ್ತಕರಿಗೆ ಹೆದರಿ ಸುಮ್ಮನಾಯಿತು ಎಂಬುದನ್ನೂ ಹೇಳುತ್ತದೆ. ಹದಿನಾಲ್ಕರ ಹುಡುಗ ಹುಡುಗಿಯರಿಗೆ ಇಷ್ಟು ನೇರವಾಗಿ ಹೇಳುವ ಪಠ್ಯಗಳು ಕಡಿಮೆ.

ಆದರೆ ಗುಲಾಮರನ್ನು ಬಿಡಿಸಿದ್ದು ಯಾರು ಎಂಬ ಮುಖ್ಯ ಪ್ರಶ್ನೆಗೆ ಈ ಭಾಗ ಕೊಡುವ ಉತ್ತರ ನನ್ನನ್ನು ಕಾಡುತ್ತದೆ. 1794ರಲ್ಲಿ ಪ್ಯಾರಿಸ್‌ನ ಕನ್ವೆನ್ಷನ್ ಸಭೆ ವಸಾಹತುಗಳ ಗುಲಾಮರನ್ನೆಲ್ಲ ಬಿಡುಗಡೆ ಮಾಡಿತು, ಜಾಕೊಬಿನ್ ಆಡಳಿತದ ಅತ್ಯಂತ ಕ್ರಾಂತಿಕಾರಿ ಸುಧಾರಣೆಗಳಲ್ಲಿ ಇದೂ ಒಂದು ಎಂದು ಅದು ಹೇಳುತ್ತದೆ. ತಾರೀಖು ಸರಿಯಾಗಿದೆ. ಅದಕ್ಕೆ ಹಿಂದಿನ ಎರಡೂವರೆ ವರ್ಷ ಮಾತ್ರ ಪುಟದಲ್ಲಿಲ್ಲ.

1791ರ ಆಗಸ್ಟ್ ಕೊನೆಯಲ್ಲಿ ಸಾನ್ ಡೊಮಿಂಗೊದ, ಅಂದರೆ ಇಂದಿನ ಹೈಟಿಯ, ಉತ್ತರ ಬಯಲಿನ ಗುಲಾಮರು ದಂಗೆ ಎದ್ದರು. ಆಗ ಆ ವಸಾಹತಿನಲ್ಲಿ ಗುಲಾಮರ ಸಂಖ್ಯೆಯೇ ಸುಮಾರು ಐದು ಲಕ್ಷ. ಕೆಲವೇ ವಾರಗಳಲ್ಲಿ ನೂರಾರು ಕಬ್ಬಿನ ತೋಟಗಳು ಸುಟ್ಟುಹೋದವು. ಸ್ಪೇನ್ ಮತ್ತು ಬ್ರಿಟನ್ ಕೂಡ ವೈರಿಗಳಾಗಿ ನಿಂತಾಗ ಫ್ರೆಂಚ್ ಪ್ರತಿನಿಧಿ ಸೊಂತೊನಾಗೆ ಈ ಬಂಡುಕೋರರ ಬೆಂಬಲವಿಲ್ಲದೆ ವಸಾಹತು ಉಳಿಯದು ಎಂಬುದು ಮನವರಿಕೆಯಾಯಿತು. 1793ರ ಆಗಸ್ಟ್ 29ರಂದು ಆತ ಅಲ್ಲೇ ಬಿಡುಗಡೆ ಘೋಷಿಸಿದ. ಮರುವರ್ಷ ಫೆಬ್ರವರಿಯಲ್ಲಿ ಅಲ್ಲಿಂದ ಆರಿಸಿಬಂದ ಮೂವರು ಕನ್ವೆನ್ಷನ್ ಸಭೆಗೆ ಕಾಲಿಟ್ಟರು: ಒಬ್ಬ ಬಿಳಿಯ, ಒಬ್ಬ ಮಿಶ್ರವರ್ಣದವನು, ಇನ್ನೊಬ್ಬ ಆಫ್ರಿಕಾದಿಂದ ಗುಲಾಮನಾಗಿ ಬಂದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದ ಝಾನ್ ಬಾಪ್ತಿಸ್ತ್ ಬೆಲ್ಲೇ. ಫೆಬ್ರವರಿ 4ರಂದು ಸಭೆ ರದ್ದತಿಯ ನಿರ್ಣಯ ಮಾಡಿತು. ತೋಟಗಳಲ್ಲಿ ಆಗಲೇ ಗೆದ್ದದ್ದಕ್ಕೆ ಪ್ಯಾರಿಸ್ ಮುದ್ರೆ ಒತ್ತಿತು. ಇದನ್ನು ಬಿಟ್ಟು ಪಾಠ ಮಾಡಿದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಕೊಟ್ಟವರ ಹೆಸರು ಮಾತ್ರ. ಪರೀಕ್ಷೆಯ ಮೂರು ಅಂಕದ ಪ್ರಶ್ನೆಗೂ ಅಷ್ಟೇ ಸಾಕು.

ಮುಂದೆ ಒಂದು ತಪ್ಪೂ ಇದೆ. ಹತ್ತು ವರ್ಷಗಳ ನಂತರ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ ಎನ್ನುತ್ತದೆ ಪಠ್ಯ. ಅವನು ತಂದದ್ದು 1802ರಲ್ಲಿ. ಫ್ರೆಂಚ್ ದ್ವೀಪ ಗ್ವಾಡೆಲೂಪ್‌ನಲ್ಲಿ ಅವನ ಸೇನೆಗೆ ಎದುರಾಗಿ ನಿಂತ ಲೂಯಿ ದೆಲ್ಗ್ರೆ ಮತ್ತು ಸಂಗಡಿಗರು ಸೆರೆಯಾಗಲೊಲ್ಲದೆ ಮದ್ದಿಗೆ ಬೆಂಕಿಯಿಟ್ಟುಕೊಂಡು ಸತ್ತರು. ಸಾನ್ ಡೊಮಿಂಗೊದ ನಾಯಕ ಟೂಸಾಂ ಲೂವೆರ್ಚರ್‌ನನ್ನು ಹಿಡಿದು ಫ್ರಾನ್ಸಿಗೆ ಸಾಗಿಸಲಾಯಿತು. 1803ರ ಏಪ್ರಿಲ್‌ನಲ್ಲಿ ಅವನು ಅಲ್ಲಿನ ಕೋಟೆಯೊಂದರಲ್ಲಿ ತೀರಿಕೊಂಡ. 1794ಕ್ಕೆ ಹತ್ತು ವರ್ಷ ಕೂಡಿಸಿದರೆ ಬರುವ 1804ರ ಜನವರಿ 1, ಹೈಟಿ ಸ್ವತಂತ್ರವಾದ ದಿನ. ಗುಲಾಮಗಿರಿ ಮರಳಿತು ಎಂದು ಮಕ್ಕಳು ಲೆಕ್ಕ ಹಾಕುವ ಹೊತ್ತಿಗೆ, ಗುಲಾಮರಾಗಿದ್ದವರು ನೆಪೋಲಿಯನ್ನನ ಸೇನೆಯನ್ನು ಸೋಲಿಸಿ ತಮ್ಮದೇ ದೇಶ ಕಟ್ಟಿಕೊಂಡಿದ್ದರು. ಮರುಮುದ್ರಣಗಳಲ್ಲಿ ಇದನ್ನು ತಿದ್ದಲು ಒಂದು ಸಾಲು ಸಾಕಿತ್ತು.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಗುಲಾಮಗಿರಿಯ ಟೀಕೆ ಅಷ್ಟಾಗಿ ಇರಲಿಲ್ಲ ಎಂಬ ಪಠ್ಯದ ಮಾತನ್ನೂ ಒಪ್ಪುವುದು ಕಷ್ಟ. ಚಿಂತಕ ಕೊಂದೋರ್ಸೆ 1781ರಲ್ಲೇ ಅದರ ವಿರುದ್ಧ ಪುಸ್ತಕ ಬರೆದಿದ್ದ. ಕಪ್ಪು ಜನರ ಮಿತ್ರರ ಸಂಘ 1788ರಲ್ಲಿ ಹುಟ್ಟಿತ್ತು. ಇದೇ ಅಧ್ಯಾಯ ಓಲಿಂಪ್ ದ ಗೂಜ್ ಎಂಬ ಹೆಣ್ಣುಮಗಳ ಬದುಕಿಗೆ ಒಂದು ಚೌಕಟ್ಟನ್ನೇ ಮೀಸಲಿಟ್ಟಿದೆ. ಗುಲಾಮಗಿರಿಯ ವಿರುದ್ಧ ಆಕೆ ಬರೆದ ನಾಟಕ 1789ರ ಕೊನೆಯಲ್ಲಿ ಪ್ಯಾರಿಸ್‌ನ ರಂಗದ ಮೇಲೆ ಬಂದಿತ್ತು. ಆ ಒಂದು ವಿಷಯ ಸೇರಿಸಿದ್ದರೆ ಎರಡು ಭಾಗಗಳೂ ಒಂದನ್ನೊಂದು ಬೆಳಗಿಸುತ್ತಿದ್ದವು.

ಈ ಪುಟದ ನಿಜವಾದ ಗೆಲುವು ಅದರ ಚಿತ್ರ. 1794ರ ಒಂದು ಮುದ್ರಿತ ಚಿತ್ರವದು. ಮೇಲೆ ಮಾನವ ಹಕ್ಕುಗಳೆಂದು ಬರೆದ ತ್ರಿವರ್ಣ ಪತಾಕೆ; ಕೆಳಗೆ ಆಫ್ರಿಕಾದ ಮತ್ತು ಅಮೆರಿಕದ ಮೂಲನಿವಾಸಿ ಗುಲಾಮರನ್ನು 'ನಾಗರಿಕ'ರನ್ನಾಗಿಸಲು ಯೂರೋಪಿನ ಉಡುಪು ಹಿಡಿದಿರುವ ಫ್ರೆಂಚ್ ಹೆಣ್ಣು. ನೆಲದ ಮೇಲೆ ಬಿದ್ದಿರುವ ವಸ್ತುಗಳು ಏನನ್ನು ಸೂಚಿಸುತ್ತವೆ, ಯೂರೋಪಿನವರಲ್ಲದ ಗುಲಾಮರ ಬಗ್ಗೆ ಈ ಚಿತ್ರದ ಧೋರಣೆ ಎಂಥದು ಎಂದು ಪಠ್ಯ ಮಕ್ಕಳನ್ನು ಕೇಳುತ್ತದೆ. ಎಂಥ ಒಳ್ಳೆಯ ಪ್ರಶ್ನೆ! ಬಿಡುಗಡೆಯನ್ನೂ ದಾನದಂತೆ ಚಿತ್ರಿಸುವವರ ಹಮ್ಮನ್ನು ಮಕ್ಕಳು ತಾವೇ ಕಂಡುಹಿಡಿಯಬೇಕು. ಪಕ್ಕದಲ್ಲಿರುವ ಬರಹಕ್ಕೂ ಇದೇ ಪ್ರಶ್ನೆ ಹಾಕಿದರೆ ಅದು ತಡವರಿಸುತ್ತದೆ. ಇದರ ಜೊತೆಗೆ ಬೆಲ್ಲೇಯ ಚಿತ್ರವನ್ನೂ ಇಡಬೇಕಿತ್ತು. ಕಲಾವಿದ ಝಿರೊದೆ 1797ರಲ್ಲಿ ಬರೆದ ಆ ಭಾವಚಿತ್ರ ಈಗ ವರ್ಸೇಲ್ಸ್‌ನಲ್ಲಿದೆ. ಜನಪ್ರತಿನಿಧಿಯ ಉಡುಪು, ಸೊಂಟಕ್ಕೆ ತ್ರಿವರ್ಣದ ಪಟ್ಟಿ. ಗುಲಾಮಗಿರಿಯನ್ನು ಖಂಡಿಸಿದ್ದ ಲೇಖಕ ರೇನಾಲನ ಅಮೃತಶಿಲೆಯ ಪ್ರತಿಮೆಗೆ ಆರಾಮಾಗಿ ಒರಗಿ ಬೆಲ್ಲೇ ದೂರಕ್ಕೆ ದಿಟ್ಟಿಸುತ್ತಿದ್ದಾನೆ. ಉಡುಪಿಗಾಗಿ ಯಾರ ಮುಂದೆಯೂ ಕಾಯುತ್ತಿಲ್ಲ. ಎರಡನ್ನೂ ಅಕ್ಕಪಕ್ಕ ನೋಡಿದ ಮಕ್ಕಳಿಗೆ ಮೇಷ್ಟ್ರು ಹೆಚ್ಚು ವಿವರಿಸಬೇಕಾಗಿಲ್ಲ.

ಅಧ್ಯಾಯದ ಕೊನೆಗೆ ನಮ್ಮ ಟಿಪ್ಪು ಸುಲ್ತಾನ್ ಬರುತ್ತಾನೆ, ಫ್ರೆಂಚ್ ಕ್ರಾಂತಿಯ ವಿಚಾರಗಳಿಗೆ ಸ್ಪಂದಿಸಿದವನಾಗಿ. ಕರ್ನಾಟಕದ ತರಗತಿಗಳಲ್ಲಿ ಆ ಸಾಲಿಗೆ ಬಂದಾಗ ಮೇಷ್ಟ್ರುಗಳು ಇನ್ನೊಂದು ವಿಷಯವನ್ನೂ ಎತ್ತಬಹುದು. 1798ರ ಜನವರಿಯಲ್ಲಿ ಟಿಪ್ಪುವಿನ ರಾಯಭಾರಿಗಳು ನೆರವು ಕೇಳಿಕೊಂಡು ಹೋದದ್ದು ಮಾರಿಷಸ್‌ಗೆ, ಆಗಿನ ಫ್ರೆಂಚ್ ದ್ವೀಪಕ್ಕೆ. ಅದಕ್ಕೆ ಎರಡೇ ವರ್ಷ ಹಿಂದೆ, 1796ರಲ್ಲಿ, ರದ್ದತಿಯನ್ನು ಜಾರಿ ಮಾಡಲು ಪ್ಯಾರಿಸ್‌ನಿಂದ ಬಂದ ಇಬ್ಬರು ಅಧಿಕಾರಿಗಳನ್ನು ಅಲ್ಲಿನ ತೋಟದ ಮಾಲೀಕರು ಹಡಗು ಹತ್ತಿಸಿ ಹೊರಗಟ್ಟಿದ್ದರು. ಅಲ್ಲಿ 1794ರ ಕಾನೂನು ಜಾರಿಯಾಗಲೇ ಇಲ್ಲ. ಇನ್ನೊಂದು ಫ್ರೆಂಚ್ ದ್ವೀಪ ಮಾರ್ಟಿನಿಕ್‌ನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು: ಫ್ರಾನ್ಸಿನ 1848ರ ಎರಡನೇ ರದ್ದತಿ ಆದೇಶ ಇನ್ನೂ ಸಮುದ್ರದ ಮೇಲಿರುವಾಗಲೇ, ಮೇ 22ರಂದು, ಗುಲಾಮರು ಬಂಡೆದ್ದರು, ಮರುದಿನವೇ ಗವರ್ನರ್ ಬಿಡುಗಡೆ ಸಾರಬೇಕಾಯಿತು. ಒಂದು ದ್ವೀಪದಲ್ಲಿ ಬಂದ ಕಾನೂನನ್ನೇ ಓಡಿಸಿದ್ದು ಹೇಗೆ, ಇನ್ನೊಂದರಲ್ಲಿ ಕಾನೂನು ಬರುವ ಮೊದಲೇ ಬಿಡುಗಡೆ ಬಂದದ್ದು ಹೇಗೆ ಎಂದು ಕೇಳಿ ಒಂದು ಪೀರಿಯಡ್ ಪೂರ್ತಿ ಮಕ್ಕಳನ್ನು ಮಾತಾಡಲು ಬಿಡಬೇಕು. ಗೈಡುಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಸಿಗುವುದಿಲ್ಲ.