ಹಸಿರು ಬಳೆ, ಕಂದು ಸೀಸೆ

ತ್ಯಾಮಗೊಂಡ್ಲು ಕಡೆ ಹೆಣ್ಣುಮಕ್ಕಳಿಗೆ ಕೊಡುವ ಉಡುಗೊರೆಗಳಲ್ಲಿ ಮೂರು ಬಹಳ ಕಾಲದಿಂದ ಉಳಿದುಕೊಂಡು ಬಂದಿವೆ. ಗೌರಿ ಹಬ್ಬದ ಮೊರದ ಬಾಗಿನಕ್ಕೆ ಗಾಜಿನ ಬಳೆ, ಮದುವೆಗೆ ಕೆಂಪು ಹರಳಿನ ಓಲೆಯೋ ಮೂಗುಬೊಟ್ಟೋ, ಬಾಣಂತನಕ್ಕೆ ಮನೆಯಲ್ಲೇ ಕಾಯಿಸಿದ ಎಣ್ಣೆ. ಈಗ ಗಾಜು, ಹರಳು, ಎಣ್ಣೆ ಮೂರನ್ನೂ ಒಂದೇ ಸೀಸೆಯಲ್ಲಿ ಕೂಡಿಸಿ ಸೀಮಂತಕ್ಕೆ, ಗೃಹಪ್ರವೇಶಕ್ಕೆ ಬಂದವರ ಕೈಗಿಡುವ ಹೊಸ ರೂಢಿ ಬಂದಿದೆ. ನೀಲಿ ಗಾಜಿನ ಪುಟ್ಟ ಸೀಸೆ, ಎಣ್ಣೆಯಲ್ಲಿ ತೇಲುವ ಗುಲಾಬಿ ಎಸಳು, ತಳದಲ್ಲಿ ನಾಲ್ಕಾರು ಬಣ್ಣದ ಹರಳಿನ ಚೂರು. ಕಿಟಕಿಯ ಬೆಳಕಿಗೆ ಹಿಡಿದರೆ ಕಣ್ಣು ಕೀಳಲಾಗುವುದಿಲ್ಲ. ಆ ಮೋಹ ಸಣ್ಣದೆಂದು ನಾನು ಹೇಳುವುದಿಲ್ಲ. ಹಳೆಯ ಮೂರೂ ಉಳಿದದ್ದು ಅದೇ ಮೋಹದ ಬಲದಿಂದ. ಆದರೆ ಅವುಗಳ ಹಿಂದೆ ಒಂದು ಕಸುಬು ಇತ್ತು. ಹೊಸ ಸೀಸೆಯಲ್ಲಿ ನನಗೆ ಕಾಣದಿರುವುದು ಅದು.

ಬಳೆಯಿಂದಲೇ ಶುರು ಮಾಡುತ್ತೇನೆ. ಶಿವಗಂಗೆಯಲ್ಲಿ ಸಂಕ್ರಾಂತಿ ಜಾತ್ರೆಯ ಬಳೆ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಬಳೆಗಾರ ಅಳತೆಗೆ ಯಾವ ಪಟ್ಟಿಯನ್ನೂ ತೆಗೆಯುವುದಿಲ್ಲ. ಕೈ ಹಿಡಿದು, ಗೆಣ್ಣು ಅದುಮಿ ನೋಡಿ, "ಎರಡು ಆರು" ಅನ್ನುತ್ತಾನೆ. ಒಳಗಿನ ಅಡ್ಡಳತೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರರಲ್ಲಿ ಆರು ಪಾಲು ಎಂದು ಲೆಕ್ಕ. ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಬಳೆಯನ್ನು ಓರೆಯಾಗಿ ಹಿಡಿದು, ಗೆಣ್ಣಿನ ಹತ್ತಿರ ಮೆತ್ತಗೆ ತಿರುಗಿಸಿ ದಾಟಿಸುತ್ತಾನೆ. ಬಿಗಿಯಾದರೆ ಕೈಗೆ ಸ್ವಲ್ಪ ಸೋಪು. ಡಜನ್ ಬಳೆ ಏರಿದರೂ ಒಂದೂ ಒಡೆಯುವುದಿಲ್ಲ, ಕೈಗೆ ಗೀರೂ ಬೀಳುವುದಿಲ್ಲ. ಕೈಯಲ್ಲಿ ಕೈ ಹಿಡಿದು ಕೊಡಬೇಕಾದ ಉಡುಗೊರೆ ಇದು. ಕೊರಿಯರ್‌ನಲ್ಲಿ ಬಂದ ಬಳೆ ಡಬ್ಬಿಗೆ ಇದರ ಅರ್ಧ ಬೆಲೆಯೂ ಇಲ್ಲ.

ಇಂದು ನಮ್ಮ ಪೇಟೆಗಳಿಗೆ ಬರುವ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನದು. ಆದರೆ ಈ ಕಸುಬು ನಮ್ಮ ನೆಲದಲ್ಲೂ ಇತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು. ಸೌಳು ಮಣ್ಣಿನ ಕ್ಷಾರ, ಪುಡಿ ಮಾಡಿದ ಬೆಣಚುಕಲ್ಲು, ಜತೆಗೆ ಒಲೆಯ ಬೆಂಕಿ. ಬಡವರ ಹೊಲ ಕೆಡಿಸುವ ಸೌಳಿನಿಂದ ಬಡವರ ಹೆಣ್ಣುಮಕ್ಕಳ ಕೈಗೆ ಬಣ್ಣ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಆ ಕುಶಲಕರ್ಮಿಗಳ ಮೇಲೆ ಗೌರವ ಹೆಚ್ಚುತ್ತದೆ.

ಬಣ್ಣದ ಗುಟ್ಟು ಗಾಜಿಗೂ ರತ್ನಕ್ಕೂ ಬಹುತೇಕ ಒಂದೇ. ಗಾಜಿಗೆ ನೀಲಿ ಕೊಡುವುದು ಕೋಬಾಲ್ಟ್, ಹಸಿರಿಗೆ ತಾಮ್ರ, ಕಬ್ಬಿಣ ಇಲ್ಲವೇ ಕ್ರೋಮಿಯಂ. ಮಾಣಿಕ್ಯದ ಕೆಂಪಿಗೆ ಕಾರಣವೂ ಚೂರು ಕ್ರೋಮಿಯಂ, ಪಚ್ಚೆಯ ಹಸಿರಿಗೂ ಹೆಚ್ಚಾಗಿ ಅದೇ. ಅಗಸ್ಟ್ ವೆರ್ನೂಯಿ ಎಂಬ ಫ್ರೆಂಚ್ ರಸಾಯನಜ್ಞ ಉರಿಯಲ್ಲಿ ಮಾಣಿಕ್ಯ ಬೆಳೆಸುವ ದಾರಿಯನ್ನು 1902ರಲ್ಲಿ ಪ್ರಕಟಿಸಿದ. ಅಲ್ಲಿಂದ ಮುಂದೆ ನಮ್ಮ ಕೆಂಪಿನ ಒಡವೆಗಳಿಗೂ ಆ ಕಲ್ಲುಗಳು ಬಂದು ಕೂತವು. ಹರಳಿನ ಹಿಂದೆ ಹೊಳೆಯುವ ತಗಡಿಟ್ಟು ಬಣ್ಣ ಏರಿಸುವುದು ಅಕ್ಕಸಾಲಿಗರ ಹಳೆಯ ಕೈಚಳಕ. ಹೀಗಿರುವಾಗ ಅಜ್ಜಿಯ ಓಲೆಯ ಕೆಂಪು ಗಣಿಯದೋ, ಕುಲುಮೆಯದೋ, ಬರೀ ಗಾಜೋ ಎಂಬ ಪ್ರಶ್ನೆಗೆ ಮಾರುವ ದಿನ ಬಿಟ್ಟರೆ ಬೆಲೆಯಿಲ್ಲ. ಕಿವಿಗೆ ಅದು ಕೊಟ್ಟ ಕಳೆ ಸುಳ್ಳಲ್ಲ. ಸುಳ್ಳು ಶುರುವಾಗುವುದು ಶನಿಗೆ ನೀಲ, ಕುಜನಿಗೆ ಹವಳ ಎಂದು ಸಾಲ ಮಾಡಿಸಿ ಉಂಗುರ ತೊಡಿಸಿದಾಗ. ಚೆಂದಕ್ಕೆಂದು ಕೊಂಡರೆ ಹರಳು ತನ್ನ ಮಾತು ಉಳಿಸಿಕೊಳ್ಳುತ್ತದೆ. ಗ್ರಹದ ಹೆಸರಲ್ಲಿ ಮಾರಿದರೆ ಅದು ಕಷ್ಟದಲ್ಲಿರುವವರ ಹಣ ಸುಲಿಯುವ ಕೆಲಸ.

ಎಣ್ಣೆಯ ಮಾತು ಬೇರೆ. ಈ ಭಾಗದ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳಿನ ಜತೆ ಹರಳು ಬೀಜವನ್ನೂ ಹಾಕುತ್ತಿದ್ದರು. ಆ ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು ತೆಗೆದು, ನೀರಿನ ಪಸೆ ಹೋಗುವ ತನಕ ಮತ್ತೆ ಕಾಯಿಸಿದರೆ ಹರಳೆಣ್ಣೆ. ಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲೇ ನಿಲ್ಲುತ್ತದೆ, ಬೆಂಕಿಗೆ ಸಾಯುತ್ತದೆ. ತಲೆಗೆ ಹಚ್ಚುವ ಎಣ್ಣೆಗೆ ಕೊಬ್ಬರಿ ಎಣ್ಣೆ. ಅದಕ್ಕೆ ಗರುಗದ ಸೊಪ್ಪು, ದಾಸವಾಳ, ಕರಿಬೇವು, ಒಂದೆಲಗ, ಒಂದು ಹಿಡಿ ಮೆಂತ್ಯ. ಸಣ್ಣ ಉರಿ. ಮೊದಲು ಸೊಪ್ಪಿನ ನೀರು ಚಟಪಟ ಸಿಡಿಯುತ್ತದೆ, ಬರಬರುತ್ತ ಸದ್ದು ಇಳಿಯುತ್ತದೆ, ಎಣ್ಣೆ ಗಾಢ ಹಸಿರಿಗೆ ತಿರುಗುತ್ತದೆ. "ಸೊಪ್ಪು ಗರಿಗರಿ ಆಗ್ಬೇಕು ಕಣಮ್ಮ, ಸದ್ದು ನಿಲ್ಲೋಗಂಟ ಒಲೆ ಮುಂದಿಂದ ಏಳ್ಬೇಡ" ಎನ್ನುವ ಅಜ್ಜಿಯರ ಮಾತು ಬರೀ ರೂಢಿಯಲ್ಲ. ಆಯುರ್ವೇದದ ಶಾರ್ಙ್ಗಧರ ಸಂಹಿತೆಯ ಲೆಕ್ಕವೂ ಇದೇ ಜಾಡಿನದು. ಅರೆದ ಮದ್ದು ಒಂದು ಪಾಲು, ಎಣ್ಣೆ ನಾಲ್ಕು, ರಸ ಹದಿನಾರು. ಎಣ್ಣೆಯಲ್ಲಿ ಬೆಂದ ಮದ್ದನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿದಾಗ ಸಿಡಿಯದಿದ್ದರೆ ಪಾಕ ಆಯಿತು. ನೀರು ಉಳಿದ ಎಣ್ಣೆ ಕೆಡುತ್ತದೆ ಎಂಬ ತಿಳಿವಳಿಕೆ ಎರಡು ಕಡೆಯೂ ಇದೆ.

ಹೊಸ ಸೀಸೆ ಸೋಲುವುದು ಇಲ್ಲೇ. ಹಸಿ ಸೊಪ್ಪನ್ನು, ಅರೆಬರೆ ಒಣಗಿದ ಹೂವನ್ನು ಎಣ್ಣೆಯಲ್ಲಿ ಮುಳುಗಿಸಿ ಬಿಸಿಲ ಕಿಟಕಿಯಲ್ಲಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಸೊಪ್ಪಿನ ಹಸಿರೇ ಬೆಳಕು ಬಿದ್ದಾಗ ಎಣ್ಣೆ ಕೆಡುವುದನ್ನು ಚುರುಕು ಮಾಡುತ್ತದೆ. ಕಂದು ಸೀಸೆ ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಚೆಂದದ ನೀಲಿ ಸೀಸೆ ನೀಲಿ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಕಾಪಾಡುವ ಶಕ್ತಿ ಕಡಿಮೆ. ತಳದ ಹರಳಿನ ಚೂರುಗಳಿಗೆ ಎಷ್ಟೋ ಸಲ ಬಣ್ಣ ಕಟ್ಟಿರುತ್ತಾರೆ; ಹಸಿರು ಮಲಕೈಟ್ ಆಗಿದ್ದರೆ ಅದು ತಾಮ್ರದ ಕಾರ್ಬೊನೇಟ್. ಮೈಗೆ ಹಚ್ಚುವ ಎಣ್ಣೆಯಲ್ಲಿ ಅದಕ್ಕೇನು ಕೆಲಸ? ಅಡುಗೆಗೆಂದು ಹಸಿ ಬೆಳ್ಳುಳ್ಳಿ ಹಾಕಿಟ್ಟ ಎಣ್ಣೆ ಇನ್ನೂ ಅಪಾಯ. ಗಾಳಿಯಾಡದ ಎಣ್ಣೆಯೊಳಗೆ ಬಾಟ್ಯುಲಿಸಂ ಎಂಬ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಕೆಟ್ಟದ್ದು ವಾಸನೆಯಿಂದ ಗೊತ್ತಾಗದೆಯೂ ಇರಬಹುದು. ಅಂಥದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು. ಶೆಲ್ಫಿನ ಮೇಲೆ ತಿಂಗಳುಗಟ್ಟಲೆ ಇಡುವ ಉಡುಗೊರೆ ಅದಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. ಬಾಗಿನಕ್ಕೆ ಒಂದು ದೊಡ್ಡ ಕಲೆ ಅಂಟಿದೆ. ಅದು ಮುತ್ತೈದೆಗೆ ಮಾತ್ರ. ಗಂಡ ಸತ್ತವಳು ಹಸಿರು ಬಳೆಯ ಸಾಲಿನಿಂದ ಹೊರಗೆ ನಿಲ್ಲಬೇಕು. ಬದುಕೆಲ್ಲ ತೊಟ್ಟ ಬಣ್ಣವನ್ನು ಅತಿ ದುಃಖದ ದಿನದಲ್ಲೇ ಕಿತ್ತುಕೊಳ್ಳುವುದನ್ನು ಯಾವ ಶಾಸ್ತ್ರದ ಹೆಸರಲ್ಲೂ ನಾನು ಒಪ್ಪಲಾರೆ. ಎಣ್ಣೆ ಈ ಗೆರೆ ಕಂಡಿಲ್ಲ. ಎಷ್ಟೋ ಮನೆಗಳಲ್ಲಿ ಬಾಣಂತಿಯ ಎಣ್ಣೆ ಕಾಯಿಸುವವಳು, ಮಗುವಿನ ನೆತ್ತಿಗೆ ತಟ್ಟುವವಳು ಆ ಬಳೆಯಿಲ್ಲದ ಅಜ್ಜಿಯೇ. ಅವಳ ಕೈಯ ಎಣ್ಣೆ ಶುಭವಾದರೆ ಅವಳ ಕೈಗೆ ಬಳೆ ಯಾಕಾಗಬಾರದು?

ಸೀಮಂತದ ಬುಟ್ಟಿ ಕಟ್ಟುವವರು ಕಟ್ಟಲಿ, ಬಣ್ಣವೂ ಇರಲಿ. ಎಣ್ಣೆಯನ್ನು ನೀರಿನ ಪಸೆ ಹೋಗುವ ತನಕ ಕಾಯಿಸಿ, ಸೋಸಿ, ಒಣಗಿದ ಕಂದು ಸೀಸೆಗೆ ತುಂಬಿ, ಕಾಯಿಸಿದ ತಾರೀಕನ್ನೂ ತಲೆಗೋ ಮೈಗೋ ಎಂಬುದನ್ನೂ ಚೀಟಿಯಲ್ಲಿ ಬರೆದು ಕಟ್ಟಲಿ. ಹರಳು ಸೀಸೆಯ ತಳ ಬಿಟ್ಟು ಓಲೆಗೆ ಹೋಗಲಿ. ಬಳೆಗಾರನನ್ನು ಮನೆಗೇ ಕರೆಸಿ, ಸೇರಿದ ಹೆಂಗಸರೆಲ್ಲರ ಕೈಗೂ ಅಳತೆ ನೋಡಿ ತೊಡಿಸಲಿ. ಸರದಿ ಎಣ್ಣೆ ಕಾಯಿಸಿದವಳಿಂದಲೇ ಶುರುವಾಗಲಿ.