ವಾರ್ಡು ಕಾಣದ ಅರ್ಜಿಗಳು

ಫಾರ್ಮಸಿ ವಿದ್ಯಾರ್ಥಿಯು ಆಸ್ಪತ್ರೆಯ ವಾರ್ಡಿನಲ್ಲಿ ತಜ್ಞರ ಮೇಲ್ವಿಚಾರಣೆಯಲ್ಲಿ ಪಡೆಯುವ ಪೂರ್ಣಾವಧಿ ತರಬೇತಿಯನ್ನು ರೆಸಿಡೆನ್ಸಿ ಎಂದು ಕರೆಯಲಾಗುತ್ತದೆ. ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ರೂಪಿಸಿದ ಫಾರ್ಮ್.ಡಿ. ನಿಯಮಾವಳಿಯ ಪ್ರಕಾರ ಈ ತರಬೇತಿ ಆರು ವರ್ಷಗಳ ಪದವಿಯ ಕೊನೆಯ ವರ್ಷದಲ್ಲೇ ಅಡಕವಾಗಿದ್ದು, ವಿದ್ಯಾರ್ಥಿಯು ಆರು ತಿಂಗಳು ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಿಯೂ ತಲಾ ಎರಡು ತಿಂಗಳು ಬೇರೆ ಮೂರು ವಿಭಾಗಗಳಲ್ಲಿಯೂ ಕೆಲಸ ಮಾಡಬೇಕಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಅದು ಪದವಿಯ ನಂತರದ ಸ್ಪರ್ಧಾತ್ಮಕ ಹಂತ. ಅಭ್ಯರ್ಥಿಯು ಉದ್ದೇಶಪತ್ರ, ಸ್ವವಿವರ, ಅಂಕಪಟ್ಟಿ ಮತ್ತು ಶಿಫಾರಸು ಪತ್ರಗಳನ್ನು ಸಲ್ಲಿಸಿ ಸಂದರ್ಶನ ಮುಗಿಸಿದ ಮೇಲೆ, ಅಭ್ಯರ್ಥಿಗಳೂ ಆಸ್ಪತ್ರೆಗಳೂ ಪರಸ್ಪರ ನೀಡಿದ ಆದ್ಯತಾ ಪಟ್ಟಿಗಳನ್ನು ಕಂಪ್ಯೂಟರ್ ತಾಳೆ ಹಾಕಿ ಜಾಗ ಹಂಚುತ್ತದೆ. ಅರ್ಜಿ ಬರೆಯುವ ಕಲೆ ಅಲ್ಲಿ ಬೆಳೆದದ್ದಕ್ಕೂ ಇಲ್ಲಿ ಅದು ನಕಲಿನ ಮಟ್ಟದಲ್ಲೇ ಉಳಿದಿರುವುದಕ್ಕೂ ಈ ವ್ಯತ್ಯಾಸ ಬಹುಮಟ್ಟಿಗೆ ಕಾರಣ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ವಿದ್ಯಾರ್ಥಿಗೆ ಅರ್ಜಿಯ ಅಗತ್ಯ ಇನ್ನೊಂದು ದಾರಿಯಿಂದ ಬರುತ್ತದೆ. ಫಾರ್ಮ್.ಡಿ. ನಡೆಸುವ ಕಾಲೇಜಿಗೆ ಕನಿಷ್ಠ 300 ಹಾಸಿಗೆಗಳ ಸ್ವಂತ ಆಸ್ಪತ್ರೆ ಅಥವಾ ಅಷ್ಟು ದೊಡ್ಡ ಆಸ್ಪತ್ರೆಯೊಂದಿಗೆ ಒಪ್ಪಂದ ಇರಬೇಕೆಂಬ ನಿಯಮದಿಂದಾಗಿ ಈ ಪದವಿ ತಾಲ್ಲೂಕು ಪಟ್ಟಣಗಳಲ್ಲಿ ಬೇರೂರುವುದು ಕಷ್ಟ. ನಿಪ್ಪಾಣಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಫಾರ್ಮಸಿ ಕಾಲೇಜು ಇದೆ, ಆದರೆ ಬಿ.ಫಾರ್ಮ್. ಮುಗಿಸಿ, ಎರಡು ವರ್ಷದ ಪಾಠ ಹಾಗೂ ಒಂದು ವರ್ಷದ ರೆಸಿಡೆನ್ಸಿ ಸೇರಿದ ಮೂರು ವರ್ಷಗಳ ಫಾರ್ಮ್.ಡಿ.ಗೆ ಪ್ರವೇಶ ಬಯಸುವವರು ಸಾಮಾನ್ಯವಾಗಿ ಬೆಳಗಾವಿಯಂಥ ದೊಡ್ಡ ಊರಿನತ್ತ ನೋಡುತ್ತಾರೆ. ಮುಂದೆ ಖಾಸಗಿ ಆಸ್ಪತ್ರೆಯ ತರಬೇತಿ ಹುದ್ದೆಯಿರಲಿ, ವಿದೇಶದ ರೆಸಿಡೆನ್ಸಿಯಿರಲಿ, ಆಯ್ಕೆದಾರರ ಕೈಗೆ ಮೊದಲು ತಲುಪುವುದು ವಿದ್ಯಾರ್ಥಿಯಲ್ಲ, ಅವನ ಕಾಗದಗಳು.

ಆ ಕಾಗದಗಳ ಪ್ರಚಲಿತ ಮಾದರಿ ದುರ್ಬಲವಾದದ್ದು. ಉದ್ದೇಶಪತ್ರ ಬಾಲ್ಯದಿಂದಲೇ ಜನಸೇವೆಯ ಕನಸು ಕಂಡ ಬಗೆಯಿಂದ ಆರಂಭವಾಗಿ, ಔಷಧ ಕ್ಷೇತ್ರದ ಮಹತ್ವವನ್ನು ಅದೇ ಕ್ಷೇತ್ರದ ತಜ್ಞರಿಗೆ ವಿವರಿಸುತ್ತಾ ಸಾಗಿ, ತಂಡದಲ್ಲಿ ದುಡಿಯುವ ಗುಣ ತನಗಿದೆ ಎಂಬ ಘೋಷಣೆಯಲ್ಲಿ ಮುಗಿಯುತ್ತದೆ. ಅದರ ಬೆನ್ನಿಗೆ ಆನ್‌ಲೈನ್ ಉಪನ್ಯಾಸಗಳ ಪ್ರಮಾಣಪತ್ರಗಳು ಕಂತೆಯಾಗಿ ಸೇರಿಕೊಳ್ಳುತ್ತವೆ. ಹಣ ಕೊಟ್ಟರೆ ಪ್ರಕಟಿಸುವ ಪತ್ರಿಕೆಯಲ್ಲಿ ಬಂದ ಲೇಖನವೊಂದು ಕೆಲವೊಮ್ಮೆ ಕಿರೀಟದಂತೆ ಮೇಲೆ ಕೂರುತ್ತದೆ. ಇವುಗಳಲ್ಲಿ ಯಾವುದೂ ರೋಗಿಯ ಹಾಸಿಗೆಯ ಬಳಿ ಅಭ್ಯರ್ಥಿ ಏನು ಮಾಡಬಲ್ಲ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಶಿಫಾರಸು ಪತ್ರದ ಕರಡನ್ನು ವಿದ್ಯಾರ್ಥಿಯೇ ಬರೆದು ಅಧ್ಯಾಪಕರ ಸಹಿ ಪಡೆಯುವ ರೂಢಿಯಂತೂ ಇಬ್ಬರಿಗೂ ಶೋಭೆ ತರುವಂಥದ್ದಲ್ಲ, ಏಕೆಂದರೆ ಅಲ್ಲಿ ಸಾಕ್ಷಿ ಹೇಳುವವನೂ ಸಾಕ್ಷಿ ಬೇಕಾದವನೂ ಒಬ್ಬನೇ ಆಗುತ್ತಾನೆ.

ಅಚ್ಚರಿಯೆಂದರೆ, ಇಷ್ಟೊಂದು ಸವಕಲು ಮಾತು ಹೊರಡುವುದು ಕ್ಲಿನಿಕಲ್ ಫಾರ್ಮಸಿಗೆ, ಅಂದರೆ ರೋಗಿಯನ್ನು ಕೇಂದ್ರವಾಗಿಟ್ಟುಕೊಂಡ ಔಷಧ ಸೇವೆಗೆ, ಬೇಕಾದ ಸಾಮಗ್ರಿ ಧಾರಾಳವಾಗಿರುವ ಸೀಮೆಯಿಂದ. ಕಾಗವಾಡದ ರೋಗಿಗೆ ಬೆಳಗಾವಿಗಿಂತ ಗಡಿಯಾಚೆ ಮಹಾರಾಷ್ಟ್ರದ ಮಿರಜವೇ ಸಮೀಪ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದ ಆ ಊರಿಗೆ ಗಡಿಯ ಈಚೆಯವರು ದವಾಖಾನೆಗೆಂದು ಹೋಗುವುದು ಹಳೆಯ ವಾಡಿಕೆ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹಾಗೆಯೇ. ಹೀಗಾಗಿ ಒಬ್ಬನೇ ರೋಗಿಯ ಚೀಲದಲ್ಲಿ ಎರಡು ರಾಜ್ಯಗಳ ವೈದ್ಯರ ಚೀಟಿಗಳು ಸೇರುವ ಸಂಭವ ಹೆಚ್ಚು. ನಿಪ್ಪಾಣಿಯ ತಂಬಾಕಿನ ಹೊಲದಲ್ಲಿ ಒದ್ದೆ ಎಲೆ ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ದೇಹ ಸೇರಿ ವಾಂತಿ, ತಲೆಸುತ್ತು ಬರಬಹುದು; ಕಬ್ಬಿನ ಸೀಮೆಯಲ್ಲಿ ಕೀಟನಾಶಕ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ, ಅಂಥ ಕೆಲವು ಕೀಟನಾಶಕಗಳ ವಿಷಬಾಧೆಗೆ ಅಟ್ರೋಪಿನ್ ಪ್ರಮಾಣವನ್ನು ಶ್ವಾಸಕೋಶದ ಸ್ರಾವ ತಗ್ಗುವವರೆಗೆ ಏರಿಸುತ್ತಾ ಹೋಗುವ ಚಿಕಿತ್ಸೆಯನ್ನು ಕಣ್ಣಾರೆ ಕಂಡು ಕಲಿಯಬಹುದು. ಒಂದೇ ವಾರ್ಡಿನಲ್ಲಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಗುಳಿಗೆ ನುಂಗುವ ಕ್ರಮ ವಿವರಿಸಬಲ್ಲ ವಿದ್ಯಾರ್ಥಿಯ ಸಾಮರ್ಥ್ಯ ಯಾವ ಪ್ರಮಾಣಪತ್ರಕ್ಕೂ ಕಡಿಮೆಯದಲ್ಲ. ಆದರೂ ಸ್ವವಿವರದಲ್ಲಿ ಅದು ಬಲ್ಲ ಭಾಷೆಗಳ ಸಾಲಿನಲ್ಲಿ ಎರಡು ಪದವಾಗಿ ಮುದುಡಿ ಕೂರುತ್ತದೆ.

ಉದಾಹರಣೆಗೆ, ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬಳು ಬೆವರು, ನಡುಕದೊಂದಿಗೆ ದಾಖಲಾದ ಪ್ರಕರಣವನ್ನು ಊಹಿಸಿಕೊಳ್ಳಬಹುದು. ಮಿರಜದ ಚೀಟಿಯಲ್ಲಿ ಗ್ಲಿಮೆಪಿರೈಡ್ ಒಂದು ಬ್ರಾಂಡ್ ಹೆಸರಿನಲ್ಲಿದೆ, ಅಥಣಿಯ ಚೀಟಿಯಲ್ಲಿ ಅದೇ ಔಷಧ ಮತ್ತೊಂದು ಹೆಸರಿನಲ್ಲಿದೆ; ಆಕೆ ಎರಡನ್ನೂ ನುಂಗಿದ್ದಾಳೆ, ರಕ್ತದ ಸಕ್ಕರೆ ಕುಸಿದಿದೆ. ಚೀಟಿಗಳನ್ನೂ ಗುಳಿಗೆಯ ಪಟ್ಟಿಗಳನ್ನೂ ಒಂದಕ್ಕೊಂದು ತಾಳೆ ನೋಡುವ ಈ ಕೆಲಸ ಕ್ಲಿನಿಕಲ್ ಫಾರ್ಮಸಿಯ ಮೊದಲ ಪಾಠ. ಇದನ್ನು ಅರ್ಜಿಯಲ್ಲಿ ಬರೆಯುವವನು ಕಂಡದ್ದೇನು, ವೈದ್ಯರಿಗೆ ಹೇಳಿದ್ದೇನು, ಅವರು ಬದಲಿಸಿದ್ದೇನು, ಮರುದಿನದ ಸಕ್ಕರೆ ಎಷ್ಟು ಎಂಬುದನ್ನು, ರೋಗಿಯ ಹೆಸರು ಮತ್ತು ಗುರುತು ಬಿಟ್ಟು, ಐದಾರು ವಾಕ್ಯಗಳಲ್ಲಿ ದಾಖಲಿಸಿದರೆ ಸಾಕು. ವೈದ್ಯರು ಸಲಹೆಯನ್ನು ಒಪ್ಪದಿದ್ದರೆ ಅದನ್ನೂ ಕಾರಣಸಹಿತ ಬರೆಯುವುದು ಒಳಿತು, ಏಕೆಂದರೆ ಸಂದರ್ಶಕರು ಹೆಚ್ಚು ಕೆದಕುವುದು ಅಲ್ಲಿಯೇ.

ಇಂಥ ಬರವಣಿಗೆ ಕೊನೆಯ ತಿಂಗಳಲ್ಲಿ ಹುಟ್ಟುವುದಿಲ್ಲ. ನಿತ್ಯದ ಪ್ರಕರಣಗಳನ್ನು ಬರೆದಿಡುವ ಲಾಗ್ ಬುಕ್ ಇರುವುದೇ ಅದಕ್ಕಾಗಿ. ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಸಹಪಾಠಿಯ ಪುಸ್ತಕ ನೋಡಿ ತುಂಬಿದವನ ಬಳಿ ಅರ್ಜಿಗೆ ಸರಕೇ ಉಳಿದಿರುವುದಿಲ್ಲ. ದೋಷ ವಿದ್ಯಾರ್ಥಿಯದಷ್ಟೇ ಅಲ್ಲ: ವಾರ್ಡಿನಲ್ಲಿ ತರಬೇತಿ ನೀಡುವ ಹಿರಿಯನಾದ ಪ್ರಿಸೆಪ್ಟರ್ ಪುಟ ಓದದೆ ಸಹಿ ಹಾಕಿದರೆ, ಮುಂದೆ ಅವನು ಬರೆಯುವ ಶಿಫಾರಸಿನಲ್ಲಿಯೂ ಹೇಳಲು ಏನೂ ಇರುವುದಿಲ್ಲ. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ಔಷಧದ ಅಡ್ಡಪರಿಣಾಮಗಳನ್ನು ವರದಿ ಮಾಡುವ ಅಭ್ಯಾಸವೂ ಅರ್ಜಿಯ ಗಟ್ಟಿ ಆಧಾರವಾಗಬಲ್ಲದು.

ಅಮೆರಿಕದ ಕನಸಿನ ಬಗ್ಗೆ ಒಂದು ಮಾತು. 2003ರ ಜನವರಿಯಿಂದ ಈಚೆಗೆ ವಿದೇಶದಲ್ಲಿ ಪದವಿ ಪಡೆದವರು ಅಲ್ಲಿ ಫಾರ್ಮಸಿಸ್ಟ್ ಪರವಾನಗಿ ಬಯಸಿದರೆ ಅವರ ಫಾರ್ಮಸಿ ಪಠ್ಯಕ್ರಮ ಕನಿಷ್ಠ ಐದು ವರ್ಷದ್ದಾಗಿರಬೇಕೆಂಬ ನಿಯಮವಿದೆ. ನಾಲ್ಕು ವರ್ಷದ ಬಿ.ಫಾರ್ಮ್. ಮಾತ್ರ ಮುಗಿಸಿದವನು ಎಷ್ಟೇ ಸೊಗಸಾಗಿ ಬರೆದರೂ ಆ ಬಾಗಿಲು ತೆರೆಯದು. ನಿಯಮ ಓದದೆ ಸಲಹಾ ಕೇಂದ್ರಗಳಿಗೆ ಶುಲ್ಕ ಕಟ್ಟುವ ಮುನ್ನ ನಿಪ್ಪಾಣಿ, ಅಥಣಿಯ ಕುಟುಂಬಗಳು ಇದೊಂದನ್ನಾದರೂ ವಿಚಾರಿಸಿಕೊಳ್ಳಬೇಕು.